ನಡುಮನೆಯ ನೀಲಿ ವೈರು

ಅಂಗಡಿಗೆ ಹೋಗಿ ತೊಗರಿಬೇಳೆ ಕೇಳಿದರೆ ಯಾರೂ ನಮ್ಮ ಕುಲಗೋತ್ರ ವಿಚಾರಿಸುವುದಿಲ್ಲ. ಇಂಟರ್ನೆಟ್ಟಿನ ವೈರು ಕೇಳಿ ನೋಡಿ, ಪರೀಕ್ಷೆಯೇ ಶುರುವಾಗುತ್ತದೆ. ರಾಯಚೂರಿನ ಬಜಾರಿನಲ್ಲಿ ನಾನು ಮೊದಲ ಸಲ ಕೇಳಿದಾಗ ಅಂಗಡಿಯವನು ಕುರ್ಚಿಯಿಂದ ಏಳಲೂ ಇಲ್ಲ.

"ಕ್ಯಾಟ್ ಫೈವ್ ಬೇಕೇನ್ರಿ, ಸಿಕ್ಸ್ ಬೇಕೇನ್ರಿ?"

"ಇಂಟರ್ನೆಟ್ಟಿಂದು ಬೇಕ್ರಿ."

"ಎಲ್ಲಾ ಇಂಟರ್ನೆಟ್ಟಿಂದೇ ರೀ ಮೇಡಂ. ತಾಮ್ರದ್ದು ಕೊಡ್ಲೇನು, ಮಿಕ್ಸ್ ಕೊಡ್ಲೇನು? ಮನಿ ಒಳಗ ಹಾಕಾಕತ್ತೀರೋ, ಹೊರಗೋ?"

ಒಳಗೆ ಎಂದೆ. ಎಷ್ಟು ಉದ್ದ ಎಂದ. ಮುಂದಿನ ಖೋಲಿಯಿಂದ ಅಡುಗೆಮನೆಯವರೆಗೆ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಅವನು ನಮ್ಮ ಮನೆ ಕಂಡಿಲ್ಲ ಎಂಬುದು ಆಗ ನನಗೂ ಹೊಳೆಯಿತು. ಆದರೆ ಅಷ್ಟರಲ್ಲಿ ನನಗೆ ಸಿಟ್ಟು ಬಂದಾಗಿತ್ತು. ಸಿಟ್ಟು ಬಂದ ಮೇಲೆ ನಾನು ಸೋಲೊಪ್ಪುವ ಪೈಕಿ ಅಲ್ಲ. "ನಿಮ್ಮ ಕೈಯಾಗ ಅಳದು ಕೊಡ್ರಿ, ಜಾಸ್ತಿನೇ ಇರ್ಲಿ" ಎಂದೆ. ಅವನು ತೆಳ್ಳಗಿನ ನೀಲಿ ವೈರನ್ನು ಮೊಳ ಹಾಕಿ ಅಳೆದು, ಸುತ್ತಿ, ರಬ್ಬರು ಹಾಕಿ ಕೊಟ್ಟ. ತಾಮ್ರದ್ದು ಕೊಟ್ಟನೋ ಮಿಕ್ಸ್ ಕೊಟ್ಟನೋ ನಾನು ನೋಡಲಿಲ್ಲ. ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ ಅನ್ನಿ.

ಈ ಉಸಾಬರಿ ನನಗೆ ಬೇಕಾಗಿರಲಿಲ್ಲ. ನಾನು ದಿನಾ ಬಸ್ಸಿನಲ್ಲಿ ಮಾನ್ವಿಗೆ ಹೋಗಿ ಅಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ದುಡಿಯುತ್ತೇನೆ. ನನ್ನ ಗಂಡ ದೇವದುರ್ಗದ ಕಾಲೇಜಿನಲ್ಲಿ ಮೇಷ್ಟ್ರು. ಒಬ್ಬರ ಬಸ್ಸು ಆ ಕಡೆಗೆ, ಇನ್ನೊಬ್ಬರದು ಈ ಕಡೆಗೆ. ಸಂಜೆ ಮನೆಗೆ ಬಂದರೆ ಫೋನು ನೋಡಲಿಕ್ಕೂ ಜೀವ ಇರುವುದಿಲ್ಲ. ವೈರು ಬೇಕಾಗಿದ್ದುದು ನನ್ನ ಅತ್ತೆಗೆ.

ಅತ್ತೆಯ ತವರು ಮಾನ್ವಿ. ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಅಷ್ಟಕ್ಕಷ್ಟೇ, ಹಾಡು ಮಾತ್ರ ಹೊಟ್ಟೆ ತುಂಬ. ದೇವರನ್ನು ಎಬ್ಬಿಸುವ ಹಾಡು, ಮದುಮಕ್ಕಳನ್ನು ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಎಲ್ಲವೂ ಅತ್ತೆಯ ನಾಲಿಗೆಯ ತುದಿಯಲ್ಲಿವೆ. ಇಷ್ಟು ಕಾಲ ಅವನ್ನೆಲ್ಲ ಒಲೆಯ ಮುಂದೆ ಕೂತು ಸಾರಿಗೂ ಪಲ್ಯಕ್ಕೂ ಕೇಳಿಸಿದ್ದೇ ಬಂತು. ದೇವದುರ್ಗದಲ್ಲಿ ಒಂದು ಮದುವೆಯಾಯಿತು. ಅಲ್ಲಿ ಹಸೆಗೆ ಕರೆಯುವಾಗ ಯಾರೂ ಬಾಯಿ ಬಿಡಲಿಲ್ಲ, ಅತ್ತೆ ಹಾಡಿದರು. ಆ ಮನೆಯ ಹೆಂಗಸೊಬ್ಬಳು ಎದ್ದು ಬಂದು, "ನನಗ ಕಲಸ್ರಿ" ಎಂದು ಕೈ ಹಿಡಿದುಕೊಂಡಳು. ಹಾಗೆ ಶುರುವಾಯಿತು ವಿಡಿಯೋ ಪಾಠ. ದೇವದುರ್ಗದವಳ ಹಿಂದೆ ಮಾನ್ವಿಯಿಂದ ಕೆಲವರು ಸೇರಿದರು, ಕಲ್ಲೂರಿನಿಂದ ಒಬ್ಬಾಕೆ ಸೇರಿದಳು. ಎಲ್ಲರೂ ಅತ್ತೆಯನ್ನು "ಟೀಚರ್" ಎಂದು ಕರೆದರು.

ಆ ಒಂದು ಮಾತು ನಮ್ಮತ್ತೆಗೆ ಮಾಡಿದ್ದನ್ನು ಯಾವ ಟಾನಿಕ್ಕೂ ಮಾಡಿರಲಿಲ್ಲ. ಬೆನ್ನು ನೆಟ್ಟಗಾಯಿತು. ನಾನು ಬುತ್ತಿ ಕಟ್ಟಿಕೊಳ್ಳುವಾಗ, "ಇವತ್ತು ಎರಡನೇ ನುಡಿ ಹೇಳಿಕೊಡ್ಬೇಕು, ಅಲ್ಲೊಂದು ತಿರುವು ಅದ, ಅಕೀಗೆ ಬರವಲ್ದು" ಎಂದು ಹೆಡ್ಮೇಡಂ ಥರ ಮಾತಾಡತೊಡಗಿದರು. ನನಗೆ ನಗು ಬರುತ್ತಿತ್ತು, ಸಂತೋಷವೂ ಆಗುತ್ತಿತ್ತು.

ಆದರೆ ಅವರ ಕಾಯಿದೆಗಳಿದ್ದವಲ್ಲ! ದೇವರ ಹಾಡನ್ನು ಮಡಿಯಲ್ಲೇ ಹೇಳಬೇಕು. ಸ್ನಾನವಾಗಿ, ಮಡಿಸೀರೆ ಉಟ್ಟು, ಪೂಜೆ ಮುಗಿದು, ಊಟಕ್ಕೆ ಮುಂಚೆ. ಮಡಿಯಲ್ಲಿದ್ದಾಗ ಮುಂದಿನ ಖೋಲಿಗೆ ಬರುವಂತಿಲ್ಲ, ಅಲ್ಲಿ ಹೋಗಿಬರುವವರೆಲ್ಲ ಕೂರುತ್ತಾರೆ. ಹಾಗಾಗಿ ಪಾಠ ಅಡುಗೆಮನೆಯ ಪಕ್ಕದ ಖೋಲಿಯಲ್ಲಿ. ಫೋನು ಮುಟ್ಟಿದರೆ ಮೈಲಿಗೆ ಅಲ್ಲವೇ ಎಂದು ನಾನು ಕೆಣಕಿದ್ದಕ್ಕೆ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಹಾಕಿ, ಚೀಲವನ್ನು ತೊಳೆದು, "ಪ್ಲಾಸ್ಟಿಕ್ಕಿಗೆ ಮೈಲಿಗಿ ಇಲ್ಲ" ಎಂದು ತಾವೇ ತೀರ್ಪು ಕೊಟ್ಟುಕೊಂಡರು. ಅದರ ಮೇಲೆ ಅಪೀಲು ಇಲ್ಲ.

ಇನ್ನು ನಮ್ಮ ಮನೆ. ಹಳೆಯ ಕಲ್ಲಿನ ಮನೆ. ಒಂದೊಂದು ಗೋಡೆಯ ಗೂಡಿನಲ್ಲಿ ಕೂಸನ್ನು ಮಲಗಿಸಬಹುದು, ಅಷ್ಟು ದಪ್ಪ. ಮುಂದಿನ ಖೋಲಿಯ ರೂಟರಿನಿಂದ ಹೊರಟ ಸಿಗ್ನಲ್ಲು ನಡುಮನೆ ದಾಟುವಷ್ಟರಲ್ಲಿ ಸಾಯುತ್ತದೆ. ಮೊಬೈಲಿನ ಸಿಗ್ನಲ್ಲಂತೂ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ. ಹಾಗಾಗಿ ಒಳಗಿನ ಖೋಲಿಯಲ್ಲಿ ಇನ್ನೊಂದು ರೂಟರು ಇಟ್ಟು, ಎರಡಕ್ಕೂ ವೈರು ಜೋಡಿಸಬೇಕಾಯಿತು. ಅತ್ತೆಗೆ ಈ ಲಫಡಾ ಯಾವುದೂ ತಿಳಿಯದು. "ಇದು ಹ್ಯಾಂಗ ಬರ್ತದೋ?" ಎಂದು ಒಮ್ಮೆ ಮಗನನ್ನು ಕೇಳಿದ್ದರು. ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಗಾಳ್ಯಾಗ ಬರ್ತದವ್ವಾ" ಎಂದು ಹೇಳಿ ಮುಗಿಸಿದ್ದರು. ಮೇಷ್ಟ್ರ ವಿವರಣೆ ಅಲ್ಲಿಗೆ ಸಮಾಪ್ತಿ.

ವೈರು ಕೂಡಿಸಲು ಬಂದವನು ಗೋಡೆಗೆ ಮೊಳೆ ಹೊಡೆದ. ಮೊಳೆ ಬಾಗಿತು. ಇನ್ನೊಂದು ಹೊಡೆದ. ಗಚ್ಚು ಉದುರಿ ನನ್ನ ತಲೆಯ ಮೇಲೆ ಬಿತ್ತು. "ಮ್ಯಾಲೆ ತೊಲಿಗುಂಟ ಒಯ್ತೀನ್ರಿ" ಎಂದು ಏಣಿ ಹತ್ತಿದ. ನಡುಮನೆಯ ತೊಲೆಗೆ ಅತ್ತೆಯ ಗಳ ತೂಗಿದೆ. ಮಡಿಬಟ್ಟೆ ಒಣಹಾಕುವ ಬಿದಿರು ಅದು, ಯಾರ ಕೈಗೂ ಎಟುಕದಷ್ಟು ಎತ್ತರದಲ್ಲಿ. ಒದ್ದೆ ಸೀರೆಯನ್ನು ಕೋಲಿನ ತುದಿಯಿಂದ ಅದರ ಮೇಲೆ ಹರವಬೇಕು, ಒಣಗಿದ ಮೇಲೆ ಕೋಲಿನಿಂದಲೇ ಇಳಿಸಬೇಕು. ಅವನ ಕೈ ಆ ಕಡೆಗೆ ಹೋಗಿದ್ದೇ ತಡ, ಅಡುಗೆಮನೆಯಿಂದ ಕೂಗು ಬಂತು: "ಏ, ಗಳಾ ಮುಟ್ಟಿಗಿಟ್ಟೀಯಪಾ!"

ಅವನು ಏಣಿ ಇಳಿದ. ನನಗೆ ಬಸ್ಸಿಗೆ ಹೊತ್ತಾಗುತ್ತಿತ್ತು. "ಈ ಕಿಟಕಿ ಸರಳಿಂದ ಆ ಬಾಗಿಲ ಚೌಕಟ್ಟಿನ ಕೊಂಡಿಗೆ ಎಳದು ಕಟ್ಟಿಬಿಡ್ರಿ, ಸದ್ಯಕ್ಕ ಇರ್ಲಿ" ಎಂದೆ. ನಮ್ಮ ಮನೆಯಲ್ಲಿ ಸದ್ಯಕ್ಕೆ ಎಂದು ಮಾಡಿದ್ದೇ ಶಾಶ್ವತ. ಅವನು ವೈರನ್ನು ಬಿಗಿಯಾಗಿ ಎಳೆದು, ನಡುಮನೆಯ ಒಂದು ಮಗ್ಗುಲಿಂದ ಇನ್ನೊಂದಕ್ಕೆ ನೆಟ್ಟಗೆ ಕಟ್ಟಿ, ಎರಡು ತುದಿಗೂ ಪಿನ್ನು ಒತ್ತಿ ಹೋದ. ನನ್ನ ತಲೆಗಿಂತ ಒಂದಿಷ್ಟು ಮೇಲೆ, ತಂತಿಯ ಹಾಗೆ ನಿಂತಿತ್ತು. ಆ ದಿನ ಸಂಜೆ ಒಳಗಿನ ಖೋಲಿಯಲ್ಲಿ ಇಂಟರ್ನೆಟ್ಟು ಕುದುರೆಯ ಹಾಗೆ ಓಡಿತು.

ಮರುದಿನವೇ ದೇವದುರ್ಗದವಳ ಫೋನು, ನಾನು ಕಚೇರಿಯಲ್ಲಿದ್ದಾಗ. "ಅಕ್ಕಾ, ಟೀಚರ್ ಬಾಯಿ ತೆರದು ಹಂಗೇ ನಿಂತುಬಿಟ್ಟಾರ್ರೀ. ಹಾಡು ಬರವಲ್ದು."

ಅವರ ಪಾಠದ ರೀತಿ ಹೇಗೆಂದರೆ, ಅತ್ತೆ ಒಂದು ಸಾಲು ಹಾಡುತ್ತಾರೆ, ಆಮೇಲೆ ಅವರೆಲ್ಲ ಅದನ್ನೇ ಹಾಡುತ್ತಾರೆ. ತಿರುಗಿ ಬಂದ ಸಾಲು ಸರಿಯಿದ್ದರೆ ಮುಂದಿನದು. ಈಗ ಅತ್ತೆ ಸಾಲು ಹಾಡಿ ಕಾಯುತ್ತಾರೆ, ಆ ಕಡೆಯಿಂದ ಏನೂ ಬರುವುದಿಲ್ಲ. ಮತ್ತೆ ಹಾಡುತ್ತಾರೆ, ಮತ್ತೆ ಕಾಯುತ್ತಾರೆ. ಖಾಲಿ ಮನೆಯಲ್ಲಿ ಒಬ್ಬರೇ, ಪ್ಲಾಸ್ಟಿಕ್ ಚೀಲದ ಮುಂದೆ.

ನಾನು ಸಂಜೆ ಓಡಿ ಬಂದು ನೋಡಿದರೆ ಎಲ್ಲ ಸರಿ ಇರುತ್ತಿತ್ತು. ದೀಪಗಳೆಲ್ಲ ಹಸಿರು. ಮರುದಿನ ಪಾಠದ ಹೊತ್ತಿಗೆ ಮತ್ತೆ ಅದೇ ಗೋಳು. ದೂರು ಕೊಟ್ಟು ಕೊಟ್ಟು ಸಾಕಾದ ಮೇಲೆ, ನಾನು ಮನೆಯಲ್ಲಿದ್ದ ಒಂದು ಸಂಜೆ ಕಂಪನಿಯವನು ಬಂದ. ಪೆಟ್ಟಿಗೆ ನೋಡಿದ, ವೈರು ನೋಡಿದ, ತನ್ನ ಫೋನಿನಲ್ಲಿ ಒಂದು ಸಿನಿಮಾ ಹಾಡು ಹಚ್ಚಿ ನನಗೇ ತೋರಿಸಿದ. "ಫಸ್ಟ್ ಕ್ಲಾಸ್ ಅದ ನೋಡ್ರಿ ಮೇಡಂ. ನಿಮ್ಮ ಅಮ್ಮಾರ ಫೋನ್ ಹಳೇದಾಗ್ಯದ."

"ಹಳೇ ಫೋನು ಸಂಜೀಕ್ ಹೊಸಾದಾಗ್ತದೇನ್ರಿ?" ಎಂದು ಕೇಳಿದೆ. ಅವನು ಹಲ್ಲು ಕಿರಿದು ಹೋದ.

ವೈರಿನದ್ದೇ ತಪ್ಪು ಎಂದು ನಾನು ತೀರ್ಮಾನಿಸಿದೆ. ಉಳಿದ ತುಣುಕನ್ನು ಚೀಲದಲ್ಲಿ ಹಾಕಿಕೊಂಡು ಮಾನ್ವಿಯ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ತೋರಿಸಿದೆ. ಅಂಗಡಿಯವನು ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದು, ಬೆಳ್ಳಗಾದದ್ದನ್ನು ನನ್ನ ಕಣ್ಣೆದುರು ಹಿಡಿದ. "ತಾಮ್ರ ಅಲ್ರೀ ಇದು. ಅಲ್ಯೂಮಿನಿಯಂಗೆ ತಾಮ್ರದ ನೀರು ಕುಡಿಸ್ಯಾರ. ಎಲ್ಲಿ ತಗೊಂಡ್ರಿ?"

"ರಾಯಚೂರಾಗ."

"ಅಂದ್ರ ಆತು ಬಿಡ್ರಿ." ಇಡೀ ರಾಯಚೂರಿಗೇ ಎಳ್ಳುನೀರು ಬಿಟ್ಟ ಹಾಗೆ ಕೈ ಝಾಡಿಸಿದ. "ನಾ ಕೊಡ್ತೀನಿ ನೋಡ್ರಿ ಅಸಲಿ ಮಾಲ್. ಎಮ್ಮಿ ಕಟ್ಟಿದ್ರೂ ಹರಿಯಂಗಿಲ್ಲ."

ದಪ್ಪನೆಯ ಕ್ಯಾಟ್ ಸಿಕ್ಸ್ ಕೊಟ್ಟ, ಅದೂ ನೀಲಿಯೇ. ಆ ಸುತ್ತನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನ ಹಿರಿಯ, "ಬೋರ್ ಮೋಟಾರಿಗೇನಬೇ ತಂಗಿ?" ಎಂದ. "ಹಾಡಿಗ್ರೀ" ಎಂದೆ. ಅವನು ಮತ್ತೆ ನನ್ನನ್ನು ಮಾತಾಡಿಸಲಿಲ್ಲ.

ಹಳೆಯದನ್ನು ಬಿಚ್ಚಿಸಿ ಹೊಸದನ್ನು ಅದೇ ಕಿಟಕಿ, ಅದೇ ಕೊಂಡಿಗೆ ಎಳೆಸಿ ಕಟ್ಟಿಸಿದೆ. ಸಂಜೆ ಓಡಿತು. ಮರುದಿನ ಪಾಠದ ಹೊತ್ತಿಗೆ ಸತ್ತಿತು. ನನಗೆ ಅಳು ಬರುವಂತಾಯಿತು, ಅದಕ್ಕಿಂತ ಹೆಚ್ಚಾಗಿ ಯಾರನ್ನಾದರೂ ಬಡಿಯಬೇಕು ಅನ್ನಿಸಿತು.

ಆಗ ನನ್ನ ಗಂಡನಿಗೆ ಜವಾಬ್ದಾರಿ ನೆನಪಾಯಿತು. ದೇವದುರ್ಗದಿಂದ ಒಂದು ಕರಿ ವೈರು ತಂದರು. ನೋಡಿದರೆ ಟಿವಿ ಡಿಶ್ಶಿಗೆ ಹಾಕುವ ವೈರು!

"ಇದಕ್ಕ ಆ ಪಿನ್ನೇ ಕೂಡಂಗಿಲ್ರೀ" ಎಂದೆ.

"ಅಂಗಡ್ಯಾವ ವೈರ್ ಅಂದ್ರ ವೈರ್ ಅಂದ. ಕರೀದು ಗಟ್ಟಿ ಇರ್ತದಂತ."

ಅದು ಈಗಲೂ ಮಾಳಿಗೆಯ ಮೇಲಿದೆ. ಹಾಗಲಬಳ್ಳಿ ಅದನ್ನು ಹಿಡಿದುಕೊಂಡು ಚೆನ್ನಾಗಿ ಹಬ್ಬಿದೆ, ಅಷ್ಟರಮಟ್ಟಿಗೆ ನೆಟ್‌ವರ್ಕ್ ಒಳ್ಳೆಯದೇ.

ಇತ್ತ ಪಾಠ ಸೋರಿಹೋಗುತ್ತಿತ್ತು. ಕಲ್ಲೂರಿನವಳು ಬರುವುದನ್ನು ಬಿಟ್ಟಳು. ಮಾನ್ವಿಯವರು ನಾಟಿ ಮುಗಿಯಲಿ ಎಂದರು. ಗದ್ದೆಗೆ ಕಾಲಿಡದ ಮನೆಯವರೂ ಅದನ್ನೇ ಹೇಳಿದರು. ಕೊನೆಗೆ ಉಳಿದವಳು ದೇವದುರ್ಗದವಳು ಒಬ್ಬಳೇ. ಅವಳೂ ಒಂದು ದಿನ ಅಂಜುತ್ತ ಅಂಜುತ್ತ, ನೆಟ್ಟಿನಲ್ಲಿ ಬೇರೆ ಯಾರೋ ಕಲಿಸುತ್ತಾರಂತೆ, ದನಿ ಸ್ಪಷ್ಟ ಬರುತ್ತದಂತೆ, ಎಂದಳು. "ಒಂದು ವಾರ ತಡೀರಿ" ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಅತ್ತೆ ಯಾರನ್ನೂ ದೂರಲಿಲ್ಲ, ಅದೇ ನನಗೆ ತಡೆಯದಾಯಿತು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. "ಅವರಿಗೂ ಬ್ಯಾಸರ ಆಗಿರಬೇಕು ಬಿಡವಾ. ಮುದುಕಿ ಹಾಡು ಎಷ್ಟಂತ ಕೇಳ್ತಾರ" ಎಂದರು. ಒಲೆಯ ಮುಂದೆ ಗುನುಗುವುದನ್ನೂ ನಿಲ್ಲಿಸಿದರು. ಬೆಳಗ್ಗೆ ನಾನು ಹೊರಡುವಾಗ, "ಇವತ್ತು ಬರ್ತದೇನು?" ಎಂದಷ್ಟೇ ಕೇಳುತ್ತಿದ್ದರು. ಬರುತ್ತದೆ ಎಂದು ನಾನು ದಿನಾ ಸುಳ್ಳು ಹೇಳಿ ಬಸ್ಸು ಹತ್ತುತ್ತಿದ್ದೆ.

ಕಡೆಗೆ ರಜೆ ಹಾಕಿದೆ. ಆ ರೋಗ ಅದೇ ಹೊತ್ತಿಗೆ ಯಾಕೆ ಬರುತ್ತದೆ, ಕಣ್ಣಾರೆ ಹಿಡಿಯಬೇಕು ಎಂದು ಹಟ. ಅತ್ತೆಗೆ ಹೇಳಲಿಲ್ಲ. ಮೈ ಸರಿಯಿಲ್ಲ ಎಂದು ಮಾತ್ರ ಹೇಳಿ ಮುಂದಿನ ಖೋಲಿಯಲ್ಲಿ ರೂಟರಿನ ಎದುರು ಕುರ್ಚಿ ಹಾಕಿಕೊಂಡು ಕೂತೆ. ಗಂಡ ಬಸ್ಸಿಗೆ ಹೋದರು. ನಮ್ಮಿಬ್ಬರನ್ನೂ ಸಾಗಹಾಕಿ, ಮನೆ ಖಾಲಿಯಾದ ಮೇಲೆ ನಿಶ್ಚಿಂತೆಯಿಂದ ಸ್ನಾನಕ್ಕೆ ಹೋಗುವುದು ಅತ್ತೆಯ ಪದ್ಧತಿ. ಆಗಲಾದರೆ ಮುಟ್ಟುವವರು ಯಾರೂ ಇರುವುದಿಲ್ಲ. ಬಚ್ಚಲಲ್ಲಿ ನೀರು ಸುರಿದ ಸದ್ದು ಕೇಳಿತು. ಸೀರೆ ಒಗೆದ ಸದ್ದು ಕೇಳಿತು. ಹಸಿರು ದೀಪಗಳು ಕಣ್ಣು ಮಿಟುಕಿಸುತ್ತಲೇ ಇದ್ದವು. ನಡುಮನೆಯಲ್ಲಿ ಏನೋ ಸರ್ರೆಂದಿತು. ರೂಟರು ನನ್ನ ಕಣ್ಣೆದುರೇ ಮೇಜಿನ ಮೇಲೆ ಒಂದಿಷ್ಟು ಜರುಗಿತು. ಒಂದು ದೀಪ ಆರಿ, ಹೊತ್ತಿ, ಮತ್ತೆ ಆರಿತು.

ಎದ್ದು ನಡುಮನೆಯ ಹೊಸ್ತಿಲವರೆಗೆ ಓಡಿದೆ. ಒಳಗೆ ಹೋಗುವಂತಿರಲಿಲ್ಲ, ನನ್ನದಿನ್ನೂ ಸ್ನಾನವಾಗಿರಲಿಲ್ಲ. ಅಲ್ಲಿಂದಲೇ ಕಂಡಿತು. ನನ್ನ ಅಸಲಿ ಮಾಲಿನ ಕ್ಯಾಟ್ ಸಿಕ್ಸ್ ವೈರಿನ ಮೇಲೆ, ಆ ಕಡೆಯಿಂದ ಈ ಕಡೆಯವರೆಗೆ, ಒಂಬತ್ತು ಗಜದ ಒದ್ದೆ ಸೀರೆ. ನೀರು ತೊಟ್ಟಿಕ್ಕುತ್ತಿತ್ತು. ವೈರು ತೊಟ್ಟಿಲಿನ ಹಾಗೆ ಜೋತುಬಿದ್ದಿತ್ತು; ತಿರುಗಿ ನೋಡಿದರೆ ರೂಟರಿನ ಪಿನ್ನು ಅದರ ಎಳೆತಕ್ಕೆ ಓರೆಯಾಗಿ ಸಡಿಲಾಗಿತ್ತು.

ಎಲ್ಲವೂ ಒಂದೇ ಕ್ಷಣದಲ್ಲಿ ತಿಳಿಯಿತು. ನಮ್ಮ ರಾಯಚೂರಿನ ಬಿಸಿಲ ಝಳಕ್ಕೆ ಮನೆಯೊಳಗಿನ ಸೀರೆಯೂ ಮಧ್ಯಾಹ್ನದೊಳಗೆ ಒಣಗುತ್ತದೆ. ಅತ್ತೆ ಮಡಿಯಲ್ಲಿರುವಾಗಲೇ ಅದನ್ನು ಮಡಚಿ ದೇವರಮನೆಯ ಗೂಡಿನಲ್ಲಿ ಇಡುತ್ತಾರೆ. ಭಾರ ಇಳಿದ ವೈರು ಮೇಲೇರುತ್ತದೆ, ಪಿನ್ನು ಜಾಗಕ್ಕೆ ಕೂರುತ್ತದೆ, ಸಂಜೆ ನಾನು ಬಂದಾಗ ಕುದುರೆ ಓಡುತ್ತದೆ. ಅತ್ತೆ ತಮ್ಮ ಪಾಠವನ್ನು ದಿನಾ ತಾವೇ ಕೈಯಾರೆ ಕೆಡಿಸಿ, ತಾವೇ ಅದರ ಮುಂದೆ ಕಾಯುತ್ತ ಕೂತಿದ್ದರು. ಬಜಾರಿನ ಅಂಗಡಿಯವನು, ಮಾನ್ವಿಯವನು, ಕಂಪನಿಯವನು, ನನ್ನ ಗಂಡ, ಎಲ್ಲರಿಗೂ ನಾನು ಹಾಕಿದ ಶಾಪ ನೆನಪಾಗಿ ಮೈಯೆಲ್ಲ ಉರಿಯಿತು. "ಅತ್ತೀ!" ಎಂದು ಕಿರುಚಲು ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆಯೇ ಅಡುಗೆಮನೆಯ ಬಾಗಿಲಿಗೆ ಬಂದರು. ಹಣೆಯ ಕುಂಕುಮ ಇನ್ನೂ ಹಸಿಯಾಗಿತ್ತು.

"ಎದ್ದಿ ಏನು? ಹ್ಯಾಂಗದ ಮೈ? ಒಂದು ಮಾತು ನಿನಗ ಹೇಳಬೇಕಂತ ಮಾಡಿದ್ದೆ, ನೀ ದಿನಾ ಓಡ್ತಿರ್ತಿ." ವೈರಿನ ಮೇಲಿನ ಸೀರೆಯ ಅಂಚನ್ನು ಎಡಗೈಯಿಂದ ಸರಿಮಾಡಿದರು. "ಈ ಹಗ್ಗ ಕಟ್ಟಿಸಿಕೊಟ್ಟಿ ನೋಡು, ಭಾಳ ಛಲೋ ಮಾಡಿದಿ. ಬಲಗೈ ಮ್ಯಾಲೇನೇ ಏಳವಲ್ದವಾ. ಕೋಲು ಹಿಡದು ಗಳಕ್ಕ ಹಾಕ್ಲಿಕ್ಕೆ ಹೋದ್ರ ಜೀವ ಹೋದಂಗ ಆಗ್ತಿತ್ತು. ಇದಕ್ಕಾದ್ರ ಎಡಗೈ ಒಂದೇ ಸಾಕು. ನಾ ಯಾರಿಗೂ ಹೇಳಿದ್ದಿಲ್ಲ. ನಿನಗ ಹ್ಯಾಂಗ ತಿಳೀತೋ ಏನೋ."

ನಾನು ವೈರನ್ನೊಮ್ಮೆ, ಅವರ ಬಲಗೈಯನ್ನೊಮ್ಮೆ ನೋಡಿದೆ.

"ಮೊದಲನೇದು ಸಣ್ಣದಿತ್ತು, ಜೋಲಿ ಬೀಳ್ತಿತ್ತು. ಅದನ್ನೂ ನೋಡಿ ನೀನಾಗೇ ದಪ್ಪಂದು ತಂದು ಕಟ್ಟಿಸಿದಿ. ಪ್ಲಾಸ್ಟಿಕ್ ಅದ, ಮಡಿಗೂ ಅಡ್ಡಿಯಿಲ್ಲ. ಎರಡನ್ನೂ ಒದ್ದಿ ಬಟ್ಟೀಲೆ ಒರಸೇ ಹಾಕಿದೆ." ಅವರ ಮುಖದಲ್ಲಿ ನಾಚಿಕೆ ಬೆರೆತ ಒಂದು ಸಂತೋಷವಿತ್ತು, ಅಂಥದ್ದನ್ನು ನಾನು ಅವರಲ್ಲಿ ಮೊದಲು ಕಂಡಿರಲಿಲ್ಲ. "ದೇವದುರ್ಗದಾಕೀಗೂ ಹೇಳೀನಿ, ನಮ್ಮ ಸೊಸಿಗೆ ಬಾಯಿ ಬಿಟ್ಟು ಹೇಳೂದೇ ಬೇಕಾಗಿಲ್ಲ ಅಂತ."

ತೆರೆದ ಬಾಯನ್ನು ಮುಚ್ಚಿದೆ. ತಲೆ ಎತ್ತಿ ನೋಡಿದೆ. ಗಳ ಖಾಲಿ ಇತ್ತು, ಅದರ ಮೇಲೆ ಧೂಳು ಕೂತಿತ್ತು. ಇಷ್ಟು ದಿನ ದಿನಾ ಸಂಜೆ ಅದರ ಕೆಳಗೇ ನಿಂತು, ವೈರು ಎಲ್ಲಿ ಕತ್ತರಿಸಿದೆ, ಎಲ್ಲಿ ಸವೆದಿದೆ ಎಂದು ಬ್ಯಾಟರಿ ಬಿಟ್ಟು ಹುಡುಕಿದ್ದೆ. ವೈರಿನಿಂದ ಮೇಲಕ್ಕೆ ಕಣ್ಣು ಹೋಗಿರಲಿಲ್ಲ. ನನಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಈ ಸಲ ಬೈಯಲು ನನ್ನ ಹೊರತು ಯಾರೂ ಉಳಿದಿರಲಿಲ್ಲ.

"ಅದಕ್ಕೇನಂತ ಬಿಡ್ರಿ, ಅತ್ತೀ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಬಜಾರಿಗೆ ನಡೆದೆ.

ಅದೇ ಅಂಗಡಿ, ಅದೇ ಕುರ್ಚಿ. "ಹೊರಗ ಹಾಕೂದು ಕೊಡ್ರಿ. ಬಿಸಿಲು ತಡೀಬೇಕು, ಪೂರಾ ತಾಮ್ರ ಇರಬೇಕು, ಬ್ಲೇಡ್ ಹಚ್ಚಿ ತೋರಸ್ರಿ" ಎಂದೆ. ಅವನು ಈ ಸಲ ಕುರ್ಚಿಯಿಂದ ಎದ್ದ. ಅವನು ಕೊಟ್ಟ ಹೊಸ ಕರಿ ವೈರು ಮಾಳಿಗೆಯ ಅಂಚಿನಗುಂಟ ಹೋಗಿ, ಹಿಂದಿನ ಕಿಟಕಿಯಿಂದ ಒಳಗಿನ ಖೋಲಿಗೆ ಇಳಿಯಿತು. ನೀಲಿಯದರ ಎರಡೂ ಪಿನ್ನು ಕತ್ತರಿಸಿ, ತುದಿಗಳನ್ನು ಸರಳಿಗೂ ಕೊಂಡಿಗೂ ಇನ್ನೊಂದು ಗಂಟು ಹಾಕಿ ಭದ್ರ ಮಾಡಿಸಿದೆ. ಕೂಡಿಸಲು ಬಂದವನು, "ಛಲೋ ಕೇಬಲ್ ಅದ ರೀ, ಯಾಕ ಕೆಡಸ್ತೀರಿ" ಎಂದ. ರಾಯಚೂರಿನಲ್ಲಿ ಇಷ್ಟು ದುಬಾರಿ ಬಟ್ಟೆಹಗ್ಗ ಇನ್ನೊಂದಿರಲಾರದು.

ಪಾಠ ಚೇತರಿಸಿಕೊಂಡಿತು. ದೇವದುರ್ಗದವಳು ಬೇರೆ ಕಡೆ ಹೋಗಲಿಲ್ಲ. ಮಾನ್ವಿಯವರ ನಾಟಿ ಒಮ್ಮೆಲೇ ಮುಗಿಯಿತು. ಕಲ್ಲೂರಿನವಳು ತನ್ನ ಜೊತೆ ನೆಗೆಣ್ಣಿಯನ್ನೂ ಕರೆತಂದಳು. ಒಂದು ಎರಡನೇ ಶನಿವಾರ ನಾನು ಮುಂದಿನ ಖೋಲಿಯಲ್ಲಿ ಕೂತು ಕೇಳಿದೆ. ಅತ್ತೆ ಒಂದು ಸಾಲು ಹಾಡಿದರು. ಮೂರೂರಿನ ಹೆಂಗಸರು ಅದನ್ನು ಹಿಂದು ಮುಂದಾಗಿ, ಶ್ರುತಿ ತಪ್ಪಿ, ತಿರುಗಿ ಹಾಡಿದರು. "ಅಲ್ಲ, ಅಲ್ಲ, ಮತ್ತೊಮ್ಮೆ" ಎಂದರು ಅತ್ತೆ, ಬಹಳ ಖುಷಿಯಿಂದ.

ಅದರ ಮುಂದಿನ ವಾರ ಅವರನ್ನು ಒತ್ತಾಯದಿಂದ ಡಾಕ್ಟರ ಹತ್ತಿರ ಕರೆದೊಯ್ದೆ. ಡಾಕ್ಟರು ತೋಳನ್ನು ಮೇಲೆತ್ತಲು ನೋಡಿದರು. ಕಿವಿಯ ಮಟ್ಟಕ್ಕೆ ಬರುವ ಮೊದಲೇ ಅತ್ತೆ ತುಟಿ ಕಚ್ಚಿದರು.

"ಎಷ್ಟು ದಿನದಿಂದ ಅದಮ್ಮಾ ಈ ನೋವು?"

ಅತ್ತೆ ಸೆರಗು ಸರಿಮಾಡಿಕೊಂಡು, ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. "ನಮ್ಮ ಸೊಸಿನ್ನ ಕೇಳ್ರಿ. ಎಲ್ಲಾ ಅಕೀಗೇ ಗೊತ್ತದ."

ಡಾಕ್ಟರು ಪೆನ್ನು ತೆಗೆದುಕೊಂಡು ನನ್ನ ಕಡೆ ತಿರುಗಿ, ಬರೆದುಕೊಳ್ಳಲು ಕಾದರು.